ಪೋರ್ಚುಗಲ್ಲಿಗೆ ಕೊಟ್ಟ ತಂಗಿ

ಭೂಗೋಳ ಕಲಿಸುವವರು ಮದುವೆ ಮಾತುಕತೆಯಲ್ಲಿ ಬಾಯಿ ಬಿಡಬಾರದು. ಈ ಪಾಠ ನನಗೆ ಸಿಕ್ಕಿದ್ದು ಹುಮನಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ. ನಿಜಾಮರ ಕಾಲ, ನಾನು ಕಲ್ಯಾಣದ ಶಾಲೆಯಲ್ಲಿ ಮಾಸ್ತರ. ತಂಗಿ ಶಾಂತಾಳನ್ನು ನೋಡಲು ಹುಬ್ಬಳ್ಳಿಯ ಹುಡುಗ ಬಂದಿದ್ದ. ಗೋವೆಯ ಬಂದರಿನ ರೈಲ್ವೆಯಲ್ಲಿ ಗುಮಾಸ್ತ. ಅವನೂ ಒಪ್ಪಿದ, ಇವಳೂ ಒಪ್ಪಿದಳು. ಇನ್ನೇನು ಎಲ್ಲರ ಬಾಯಿಗೆ ಸಕ್ಕರೆ ಬೀಳಬೇಕು, ನನ್ನೊಳಗಿನ ಮಾಸ್ತರ ಎದ್ದು ನಿಂತ. "ಗೋವಾ ಅಂದ್ರ ಸಾದಾ ಊರಲ್ರಿ. ಅಲ್ಲಿಯ ಕಾಯ್ದೆ ಪ್ರಕಾರ ಅದು ಪೋರ್ಚುಗಲ್ ದೇಶದ್ದೇ ಒಂದು ತುಂಡು. ಪೋರ್ಚುಗಲ್ ಇರೋದು ಯುರೋಪಿನಾಗ, ಸಮುದ್ರದಾಚಿ!"

ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿಯ ಕೈ ನಿಂತಿತು. "ಸಮುದ್ರದಾಚಿ? ಹಾಂಗಾದ್ರ ಹುಡುಗಿ ಹಬ್ಬಕ್ಕ ಹ್ಯಾಂಗ ಬರಬೇಕೋ? ಈ ಸಂಬಂಧ ಬ್ಯಾಡ." ಸಮಾಧಾನ ಮಾಡಲೆಂದು ನಕ್ಷೆ ತಂದು ಹರಡಿದೆ. ಗೋವಾ, ಪೋರ್ಚುಗಲ್ ಎಂಬ ಎರಡು ಹಸಿರು ಚುಕ್ಕೆಗಳ ನಡುವೆ ಅಷ್ಟೊಂದು ನೀಲಿ ನೀರು ಕಂಡು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ನನ್ನತ್ತ ನೋಡಿದ ನೋಟಕ್ಕೆ ನಾನೇ ಗೋವೆಗೆ ಹೋಗಿಬಿಡಬಹುದಿತ್ತು. ಹುಡುಗ ಪಾಪ, ಚಪ್ಪಲಿ ಹುಡುಕತೊಡಗಿದ.

ಆಗ ಶಾಂತಾ ಅಡುಗೆಮನೆಯ ಬಾಗಿಲಿಗೆ ಬಂದು ಅವನನ್ನೇ ಕೇಳಿದಳು: "ಗೋವಾದಿಂದ ಇಲ್ಲಿಗೆ ಬರಾಕ ಹಡಗ ಹತ್ತೀರೇನ್ರಿ?"

"ಇಲ್ರಿ. ಸೋಲಾಪುರದ ತನಕ ರೈಲು, ಆಮ್ಯಾಲ ಬಸ್ಸು."

"ಕೇಳಿದ್ಯಾ ಆಯಿ? ಸೋಲಾಪುರದಾಗ ಇಂಗ್ಲೀಷರ ರಾಜ್ಯ, ಇಲ್ಲಿ ನಿಜಾಮರದು. ಹಾಂಗಂತ ಅಲ್ಲಿರೋ ಚಿಕ್ಕವ್ವ ಹಬ್ಬಕ್ಕ ಬರೂದಿಲ್ಲೇನು?"

ಅಜ್ಜಿ ಯೋಚಿಸಿ ಹುಡುಗನತ್ತ ತಿರುಗಿದಳು. "ಗೋವಾದ ಮಂದೀನ ಕೇಳಿ ತಮ್ಮ ದೇಶದ ತುಂಡು ಮಾಡಿಕೊಂಡಾರೇನಪ್ಪ?"

"ಇಲ್ರಿ ಆಯಿ, ಯಾರೂ ಕೇಳಿಲ್ಲ."

"ನಮ್ಮನ್ನೂ ಯಾರು ಕೇಳ್ಯಾರ ಬಿಡು. ಎಂದಾರ ಒಂದಿನ ಕೇಳ್ತಾರ. ಅಲ್ಲೀತನಕ ಹುಡುಗೀನ ಹಬ್ಬಕ್ಕ ಕಳಿಸ್ತಾ ಇರು."

ಮದುವೆಯಾಯಿತು. ರಜೆಯಲ್ಲಿ ತಂಗಿಯ ಮನೆಗೆ ಹೋದೆ. ಗಡಿಯಲ್ಲಿ ಸುಂಕದವನು ನನ್ನ ಖಾರದ ಶೇಂಗಾಹಿಂಡಿ ಚಟ್ನಿಯ ಡಬ್ಬಿ ಮೂಸಿ, ಸೀನಿ, ಬಿಟ್ಟುಕೊಟ್ಟ. ಶಾಂತಾಳ ಅಂಗಳದಲ್ಲಿ ನಮ್ಮದೇ ಮಾತು ಕೇಳುತ್ತಿತ್ತು. ಪಕ್ಕದ ಮನೆಯಾಕೆಗೂ ಅವಳು "ಬರ್ರಿ, ಕೂಡ್ರಿ" ಕಲಿಸಿಬಿಟ್ಟಿದ್ದಳು. ಪೋರ್ಚುಗಲ್ ಎಲ್ಲೂ ಕಾಣಲಿಲ್ಲ. ಕಾಯ್ದೆಯ ತುಂಡು ಬೇರೆ, ಮಂದಿಯ ನೆಲ ಬೇರೆ ಎಂದು ಮನದಟ್ಟಾಯಿತು. ಇನ್ನು ಮೇಲೆ ಮಕ್ಕಳಿಗೆ ಹೀಗೆಯೇ ಹೇಳಬೇಕೆಂದು ನಿಶ್ಚಯಿಸಿಕೊಂಡೇ ಮರಳಿದೆ.

ಕಲ್ಯಾಣದ ಬಜಾರಿನಲ್ಲಿ ಇಳಿಯುತ್ತಲೇ ಬಟ್ಟೆ ಅಂಗಡಿಯ ಸಾವುಕಾರರು ಎಲ್ಲರಿಗೂ ಕೇಳುವಂತೆ ಕೂಗಿದರು: "ಏನ್ರಿ ಮಾಸ್ತರ, ವಿಲಾಯತಿಯಿಂದ ಯಾವಾಗ ಬಂದ್ರಿ?"

ಹತ್ತಾರು ಮುಖ ನನ್ನತ್ತ ತಿರುಗಿದವು. ನಾನು ಟೊಪ್ಪಿಗೆ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದೆ: "ಈಗಷ್ಟೇ ಬಂದೇನ್ರಿ. ಬಸ್ಸು ಸ್ವಲ್ಪ ಲೇಟಾತು."