ಹಗ್ಗ ಉಳಿಸಿಕೊಂಡು ಕಾರು ಮಾರಿದ ಮಹನೀಯರಿಗೆ

ಅರಿಶಿನಕುಂಟೆ, ೧೯೯೪ರ ಫೆಬ್ರವರಿ ೨೦, ಭಾನುವಾರ ಸಂಜೆ. ಕಾರು ಮನೆಯ ಮುಂದೆ ಇಲ್ಲ. ನಾಳೆ ಬೆಳಿಗ್ಗೆ ಏಳೂವರೆಗೆ ನನ್ನ ಹೆಂಡತಿ ದಾಬಸ್‌ಪೇಟೆಯ ಕಾರ್ಖಾನೆಯ ಗೇಟಿನೊಳಗೆ ಇರಬೇಕು.

ಮಾನ್ಯ ರಾಮಾಂಜಿನಪ್ಪನವರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಮ್ಮ ಕೊಟ್ಟಿಗೆಯ ದನಕರುಗಳೂ, ಈ ಹೊತ್ತು ತಮ್ಮ ವಶದಲ್ಲಿರುವ ನನ್ನ ಕಾರೂ ಕ್ಷೇಮವೆಂದು ನಂಬಿ, ನಮಸ್ಕಾರಪೂರ್ವಕವಾಗಿ ಬರೆಯುತ್ತಿದ್ದೇನೆ. ಇದನ್ನು ಬಹಿರಂಗ ಪತ್ರವಾಗಿಸಿದ್ದಕ್ಕೆ ಕ್ಷಮೆಯಿರಲಿ. ಹಿಂದೆ ಬರೆದ ಎರಡು ಖಾಸಗಿ ಪತ್ರಗಳನ್ನು ತಾವು ಒಡೆಯದೆ ದೇವರ ಪಟದ ಹಿಂದೆ ಭಕ್ತಿಯಿಂದ ಸಿಕ್ಕಿಸಿಟ್ಟಿರುವುದನ್ನು ನಾನೇ ನೋಡಿದ್ದೇನೆ. ಆದರೆ ಗುರುವಾರ ಗುರುವಾರ ಬರುವ ನೆಲಮಂಗಲದ ಈ ಪತ್ರಿಕೆಯನ್ನು ತಾವು ಕ್ಷೌರದಂಗಡಿಯ ಬೆಂಚಿನ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತೀರೆಂದೂ, ಸರದಿಗೆ ಕಾದವರೆಲ್ಲ ಕಿವಿಗೊಡುತ್ತಾರೆಂದೂ ತಿಳಿದುಬಂದಿದೆ. ಇದಕ್ಕಿಂತ ನಂಬಿಕಸ್ಥ ಅಂಚೆ ನಮ್ಮ ತಾಲ್ಲೂಕಿನಲ್ಲಿಲ್ಲ.

ಬೆಂಚಿನ ಮೇಲಿರುವ ಇತರರಿಗಾಗಿ ಹಿಂದಿನದನ್ನು ಸ್ವಲ್ಪ ಹೇಳಬೇಕು. ನನ್ನ ಹೆಂಡತಿ ಅಕ್ಷತ ಬಿ.ಎಸ್ಸಿ. ಮುಗಿಸಿ ಆರು ವರ್ಷ ಮನೆಯಲ್ಲಿದ್ದು, ಕಳೆದ ವರ್ಷ ದಾಬಸ್‌ಪೇಟೆಯ ಔಷಧಿ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದಳು. ಕಾರ್ಖಾನೆಯ ಬಸ್ಸು ಕಾಯಂ ಆದವರನ್ನು ಮಾತ್ರ ಹತ್ತಿಸಿಕೊಳ್ಳುತ್ತದೆ. ಹೆದ್ದಾರಿಯ ಎಕ್ಸ್‌ಪ್ರೆಸ್ ಬಸ್ಸುಗಳು ನಮ್ಮೂರಿನಲ್ಲಿ ಧೂಳನ್ನಷ್ಟೇ ಇಳಿಸಿ ಹೋಗುತ್ತವೆ. ನಿಲ್ಲುವ ಬಸ್ಸು ಅವಳನ್ನು ಗೇಟಿಗೆ ಮುಟ್ಟಿಸುವಾಗ ಎಂಟು ದಾಟಿರುತ್ತದೆ. ಲಾರಿಗಳ ನಡುವೆ ಸ್ಕೂಟರಿನಲ್ಲಿ ಕರೆದೊಯ್ದು, ಒಮ್ಮೆ ಇಬ್ಬರೂ ರಸ್ತೆ ಪಕ್ಕದ ಹಳ್ಳಕ್ಕೆ ಇಳಿದು ಎದ್ದುಬಂದ ಮೇಲೆ, ಸ್ಕೂಟರನ್ನು ಮಾರಿ, ವೇಗವಾಗಿ ಓಡುವ, ಕಡಿಮೆ ಕುಡಿಯುವ, ಸಹಕಾರ ಸಂಘದ ಗುಮಾಸ್ತನ ಸಂಬಳದಲ್ಲಿ ಸಾಕಬಹುದಾದ ಹಳೆಯ ಕಾರೊಂದನ್ನು ಹುಡುಕಿ ಹೊರಟೆ.

ಕಾರು ಕೊಳ್ಳುವ ವಿದ್ಯೆ ನನಗೆ ಗೊತ್ತಿರಲಿಲ್ಲ. ರಷ್ಯನ್ನಿನಿಂದ ಕನ್ನಡಕ್ಕೆ ಬಂದ ಕಾದಂಬರಿಗಳಲ್ಲಿ ಜಮೀನುದಾರರು ಕುದುರೆ ಕೊಳ್ಳುವ ಅಧ್ಯಾಯಗಳನ್ನು ಓದಿದ್ದೆ ಅಷ್ಟೆ. ಕೊಂಡವನು ಪ್ರತಿಸಲವೂ ಮೋಸಹೋಗುವುದನ್ನು ಸಾಹಿತ್ಯವೆಂದುಕೊಂಡಿದ್ದೆ, ಎಚ್ಚರಿಕೆಯೆಂದು ತಿಳಿಯಲಿಲ್ಲ. ದೊಡ್ಡಬಳ್ಳಾಪುರದ ವೈದ್ಯರೊಬ್ಬರ ಅಂಬಾಸಿಡರ್ ನೋಡಿದೆ. ಅದರಲ್ಲಿ ಕುಳಿತರೆ ಮನೆಯಲ್ಲೇ ಕುಳಿತಂತಿತ್ತು, ವೇಗವೂ ಹಾಗೆಯೇ. ಹೊಸಕೋಟೆಯಲ್ಲಿ ಕಂಡ ಫಿಯೆಟ್ಟು ಚೆನ್ನಾಗಿತ್ತು, ಬಾಗಿಲುಗಳನ್ನು ಮಾತ್ರ ಒಳಗೆ ಕುಳಿತವರೇ ಹಿಡಿದುಕೊಂಡಿರಬೇಕಿತ್ತು. ದೇವನಹಳ್ಳಿಯ ಜೀಪಿನ ಯಜಮಾನರು ತಮ್ಮ ಗಾಡಿ ಡೀಸೆಲ್ಲಿನಲ್ಲಿ, ಅದು ಸಿಗದಿದ್ದರೆ ಸೀಮೆಎಣ್ಣೆಯಲ್ಲಿ, ಇಳಿಜಾರಿನಲ್ಲಿ ದೇವರ ದಯೆಯಲ್ಲಿ ಓಡುತ್ತದೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಆಗ, ಮಾನ್ಯರೇ, ತಮ್ಮ ಮನೆಯ ಬಿಳಿಯ ಮಾರುತಿ ಮಾರಾಟಕ್ಕಿದೆಯೆಂಬ ಸುದ್ದಿಯನ್ನು ದಳ್ಳಾಳಿ ಪಿಳ್ಳಪ್ಪನವರು ತಂದರು. ಟ್ರ್ಯಾಕ್ಟರುಗಳು ಬಂದು ಎತ್ತಿನ ವ್ಯಾಪಾರ ಇಳಿಯುವ ತನಕ ಅವರು ದನದ ದಳ್ಳಾಳಿಯಾಗಿದ್ದವರೆಂಬುದು, ಅವರು ಕಾರಿನ ಬೆನ್ನು ಚಪ್ಪರಿಸಿ, ಸುಳಿ ಹುಡುಕುವವರಂತೆ ಸುತ್ತು ಬಂದು, ಟೈರಿನ ಹಲ್ಲುಗಳನ್ನು ಬೆರಳಿನಿಂದ ತಡವಿ, ನಡಿಗೆ ನೋಡಲು ಅದನ್ನು ತಮ್ಮ ಅಂಗಳದಲ್ಲಿ ಹಿಂದೆ ಮುಂದೆ ಓಡಿಸಲು ಹೇಳಿದಾಗಲೇ ನನಗೆ ತಿಳಿಯಬೇಕಿತ್ತು. ‘ಓಟದ ತಳಿ’ ಎಂದು ಅವರು ತೀರ್ಪು ಕೊಟ್ಟರು. ಅದು ಸುಳ್ಳಲ್ಲ. ಮಾನ್ಯರೇ, ಆ ಕಾರಿನ ಮೇಲೆ ನನ್ನದು ಒಂದೂ ದೂರಿಲ್ಲ. ಅದು ಮಿಂಚಿನಂತೆ ಓಡುತ್ತದೆ, ಲೆಕ್ಕವಿಟ್ಟಂತೆ ಕುಡಿಯುತ್ತದೆ, ಕರೆದರೆ ಎದ್ದು ಬರುತ್ತದೆ. ಯಾರು ಕರೆದರೆ ಎಂಬುದೊಂದೇ ನಮ್ಮಿಬ್ಬರ ನಡುವೆ ಉಳಿದಿರುವ ಪ್ರಶ್ನೆ.

ದನದ ಜಾತ್ರೆಯಲ್ಲಿ ಮಾಡುವಂತೆ ಟವೆಲಿನ ಮರೆಯಲ್ಲಿ ಪಿಳ್ಳಪ್ಪನವರು ಒಂದು ಕೈಯಲ್ಲಿ ಮಾನ್ಯರಾದ ತಮ್ಮ ಬೆರಳುಗಳನ್ನೂ ಇನ್ನೊಂದರಲ್ಲಿ ನನ್ನ ಬೆರಳುಗಳನ್ನೂ ಹಿಡಿದು ಹಿಸುಕಿ ವ್ಯಾಪಾರ ಕುದುರಿಸಿದರು. ಬೆಲೆ ಎಷ್ಟೆಂಬುದು ಟವೆಲು ತೆಗೆದ ಮೇಲೆ ನನಗೆ ತಿಳಿಯಿತು. ಪೂರ್ತಿ ಹಣ ಎಣಿಸಿಕೊಂಡು, ತಾವು ಒಂದು ಕೀಯನ್ನು ವೀಳ್ಯದೆಲೆಯ ಮೇಲಿಟ್ಟು ಕೊಟ್ಟಿರಿ, ಇನ್ನೊಂದನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡಿರಿ. ನಾನು ಸಂಕೋಚದಿಂದ ಅದನ್ನೂ ಕೇಳಿದಾಗ ತಾವು ಮಗುವಿಗೆ ಹೇಳುವಂತೆ ಹೇಳಿದಿರಿ:

“ದನ ಮಾರಿದೋರು ಹಗ್ಗ ಕೊಡಾಕಿಲ್ಲ ಕಣಪ್ಪಾ. ಹಗ್ಗಾನೂ ಕೊಟ್ರೆ ಕೊಟ್ಟಿಗೆ ಬರಿದಾಗೋಯ್ತದೆ.”

ನಮ್ಮ ಸೀಮೆಯಲ್ಲಿ ಹಸುವನ್ನೋ ಎತ್ತನ್ನೋ ಮಾರಿದವರು ಹಗ್ಗ ಬಿಚ್ಚಿಟ್ಟುಕೊಳ್ಳುತ್ತಾರೆ, ಕೊಂಡವರು ಹೊಸ ಹಗ್ಗ ತರುತ್ತಾರೆ. ಸುಂದರವಾದ ಪದ್ಧತಿ. ಆದರೆ ಹಳೆಯ ಹಗ್ಗ ಹಿಡಿದುಕೊಂಡವರು ಬೆಳಗಿನ ಜಾವ ಬಂದು ಅದೇ ಹಸುವನ್ನು ಹೊಡೆದುಕೊಂಡು ಹೋದದ್ದನ್ನು ನಾನು ಕೇಳಿಲ್ಲ. ಪದ್ಧತಿಯನ್ನು ಅಲ್ಲಿಯವರೆಗೆ ಬೆಳೆಸಿದ ಕೀರ್ತಿ ತಮ್ಮದು.

ಆರ್.ಸಿ. ಪುಸ್ತಕವನ್ನು ನನ್ನ ಹೆಸರಿಗೆ ವರ್ಗಾಯಿಸುವ ವಿಷಯದಲ್ಲೂ ತಮ್ಮ ಧರ್ಮನಿಷ್ಠೆಯನ್ನು ಮೆಚ್ಚಬೇಕು. ಜೂನ್‌ನಲ್ಲಿ ವ್ಯಾಪಾರವಾಯಿತು, ಒಂದು ವಾರಕ್ಕೆ ಆಷಾಢ ಬಂತು. ಶ್ರಾವಣದಲ್ಲಿ ತಮಗೆ ಶನಿವಾರಗಳ ವ್ರತ. ಆಮೇಲೆ ಯಾರೂ ನಿರೀಕ್ಷಿಸದಿದ್ದ ಅಧಿಕ ಭಾದ್ರಪದ ತಮ್ಮ ನೆರವಿಗೆ ಬಂತು, ಅದರ ಹಿಂದೆ ಪಿತೃಪಕ್ಷ, ಕೊನೆಗೆ ಧನುರ್ಮಾಸ. ಸಂಕ್ರಾಂತಿ ಕಳೆದು ಒಳ್ಳೆಯ ದಿನಗಳು ಬಂದ ಮೇಲೆ ತಮಗೆ ಮದುವೆಗಳಿಂದ ಬಿಡುವಿಲ್ಲ, ಆ ಮದುವೆಗಳಿಗೆ ಹೋಗಲು ನನ್ನ ಕಾರು ಬೇಕು. ಸಾರಿಗೆ ಕಚೇರಿಗೆ ಹೋಗಲು ಯೋಗ್ಯವಾದ, ಹದಿಮೂರು ಸಾಲದೆ ಹದಿನಾಲ್ಕನೆಯ ತಿಂಗಳೊಂದನ್ನು ಸೇರಿಸುವಂತೆ ಪಂಚಾಂಗದವರಿಗೆ ತಾವೇ ಒಂದು ಮಾತು ಹೇಳಬೇಕೆಂದು ಕೋರುತ್ತೇನೆ. ತಮ್ಮ ಮಾತನ್ನು ಅವರು ತೆಗೆದುಹಾಕಲಾರರು.

ಒಂದು ಭಾನುವಾರ ಮೊದಲ ಸಲ ಕಾರು ಕಾಣೆಯಾದಾಗ ನಾನು ಚಪ್ಪಲಿಯನ್ನೂ ಮೆಟ್ಟದೆ ಠಾಣೆಗೆ ಓಡಿದೆ. ಪುಸ್ತಕ ಯಾರ ಹೆಸರಿನಲ್ಲಿದೆ ಎಂದು ಅವರು ಕೇಳಿದರು. ತಮ್ಮ ಕಾರನ್ನು ತಾವೇ ಕದ್ದಿದ್ದೀರೆಂದು ದೂರು ಬರೆಯಲು ಅವರಿಗೆ ಸೂಕ್ತ ಕಲಮು ಸಿಗಲಿಲ್ಲ; ಬಹಳ ಮರ್ಯಾದೆಯಿಂದ ಚಹಾ ಕುಡಿಸಿ ಕಳಿಸಿದರು. ಸಂಜೆ ತಾವು ಕಾರನ್ನು ತಂದು ನಿಲ್ಲಿಸಿದಿರಿ, ಟ್ಯಾಂಕು ಖಾಲಿ, ಹಿಂದಿನ ಸೀಟಿನಲ್ಲಿ ಒಂದು ಸಿಹಿಗುಂಬಳ. ಇಳಿದವರೇ ಕಾರಿನ ಸುತ್ತ ಒಮ್ಮೆ ನಡೆದು, ಅದರ ಪಕ್ಕೆ ಸವರಿ, ನೊಂದ ದನಿಯಲ್ಲಿ ಕೇಳಿದಿರಿ: “ಏನಪ್ಪಾ, ಈ ಪಾಟಿ ಇಳ್ದೋಗೈತೆ? ಮೇವು ಸರಿಯಾಗಿ ಹಾಕ್ತಿಲ್ವಾ?”

ಆ ಮಾತಿನ ಅರ್ಥ ನನಗೆ ಪಿಳ್ಳಪ್ಪನವರಿಂದ ತಿಳಿಯಿತು. “ಅವ್ರು ಮಾರಿವ್ನಿ ಅಂತ ಎಲ್ಲೂ ಹೇಳಿಲ್ಲ ಸ್ವಾಮಿ. ನಿಮ್ಮತ್ರ ಪಾಲಿಗೆ ಬಿಟ್ಟಿವ್ನಿ ಅಂತ ಹೇಳ್ಕಂಡು ತಿರುಗ್ತಾವ್ರೆ” ಎಂದರು. ಪಾಲಿಗೆ ಬಿಡುವುದೆಂದರೆ, ಉಳ್ಳವರು ತಮ್ಮ ಹಸುವನ್ನು ಇಲ್ಲದವರ ಮನೆಯಲ್ಲಿ ಕಟ್ಟುವುದು, ಅವರು ಮೇವು ನೀರು ನೋಡಿಕೊಳ್ಳುವುದು, ಹುಟ್ಟಿದ ಕರುಗಳಲ್ಲಿ ಇಬ್ಬರಿಗೂ ಪಾಲು. ಹಸುವಿನ ಪೂರ್ತಿ ಬೆಲೆಯನ್ನು ಮೊದಲೇ ಇಸಿದುಕೊಂಡು ಪಾಲಿಗೆ ಬಿಟ್ಟ ರೈತರು ತಮಗಿಂತ ಹಿಂದೆ ಯಾರೂ ಇರಲಿಲ್ಲ. ಕೃಷಿ ಇಲಾಖೆಯವರು ತಮ್ಮನ್ನು ಸನ್ಮಾನಿಸದಿರುವುದು ಅವರ ಅಜ್ಞಾನ. ಪಾಲಿನ ಧರ್ಮವನ್ನು ನಾನೂ ಚಾಚೂ ತಪ್ಪದೆ ನಡೆಸಿದ್ದೇನೆ. ಪೆಟ್ರೋಲು ನನ್ನದು, ಆಯಿಲು ನನ್ನದು, ಎರಡು ಹೊಸ ಟೈರು ನನ್ನದು, ತಮ್ಮ ಹೆಸರಿನಲ್ಲಿರುವ ವಿಮೆಯ ಕಂತೂ ನನ್ನದು. ಇದಕ್ಕಾಗಿ ಬೆಳಗಿನ ಹಾಲನ್ನು ಅರ್ಧಕ್ಕಿಳಿಸಿ, ಪುಸ್ತಕ ಕೊಳ್ಳುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಇಷ್ಟಾದರೂ ಎಂಟು ತಿಂಗಳಲ್ಲಿ ಕಾರು ಒಮ್ಮೆಯೂ ಗಬ್ಬವಾಗಿಲ್ಲ. ದಯವಿಟ್ಟು ತಾವೇ ಪಶುವೈದ್ಯರನ್ನು ಕರೆತಂದು ತೋರಿಸಬೇಕು, ಮೊದಲ ಕರು ಹೆಣ್ಣಾದರೆ ಅದು ನಮ್ಮ ಪಾಲಿಗೆ ಬರಬೇಕು. ಅದನ್ನು ಹಗ್ಗದೊಂದಿಗೇ ಕೊಡಬೇಕು.

ಸಂಕ್ರಾಂತಿಯ ಸಂಜೆಯನ್ನು ತಾವು ಮರೆತಿರಲಾರಿರಿ. ತಮ್ಮ ಹಸು-ಎತ್ತುಗಳಿಗೆ ಅರಿಶಿನ ಹಚ್ಚಿ ಸಿಂಗರಿಸಿ, ನನ್ನ ಕಾರಿಗೂ ಹಚ್ಚಿ, ಕನ್ನಡಿಗಳಿಗೆ ಕೊಂಬಿನ ಬಣ್ಣ ಬಳಿದು, ಊರ ಮುಂದೆ ಹುಲ್ಲಿನ ಕಿಚ್ಚು ಹಾಯಿಸಲು ನಿಲ್ಲಿಸಿದ ಸಾಲಿನಲ್ಲಿ ಅದನ್ನೂ ನಿಲ್ಲಿಸಿದಿರಿ. ನಾನು ಅದರೊಳಗೆ ಪೆಟ್ರೋಲಿದೆಯೆಂದು ಕೂಗಿಕೊಂಡೆ. ‘ಒಂದು ದಿನವಾದರೂ ಹೊಟ್ಟೆ ತುಂಬಿಸಿದ್ದೀರಲ್ಲ’ ಎಂದು ತಾವು ಮೆಚ್ಚಿದಿರಿ. ಅದು ಓಡುವ ಓಟಕ್ಕೆ ಬೆಂಕಿ ಹಿಡಿಯಲು ಪುರುಸೊತ್ತೆಲ್ಲಿ ಎಂಬ ತಮ್ಮ ಲೆಕ್ಕ ಮುಕ್ಕಾಲುಪಾಲು ನಿಜವಾಯಿತು. ದನಗಳೆಲ್ಲ ಕ್ಷೇಮವಾಗಿ ಹಾಯ್ದವು. ಕಾರಿನ ಹಿಂದಿನ ಒಂದು ಟೈರು ಸುಟ್ಟು, ಮಾರನೆಯ ದಿನ ಕುಲುವನಹಳ್ಳಿಯ ಹತ್ತಿರ ಒಡೆಯಿತು. ಅಕ್ಷತ ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದು ಹತ್ತಿ ಗೇಟು ತಲುಪಿದಾಗ ಎಂಟೂವರೆ.

ಅವಳು ತಡವಾಗಿ ಹೋದದ್ದು ಅದು ಮೊದಲನೆಯ ಸಲ. ಎರಡನೆಯದು ತಾವು ಯಾರದೋ ಬೀಗರ ಊಟಕ್ಕೆ ಕಾರನ್ನು ಕೊಂಡೊಯ್ದು ಮಾರನೆಯ ಮಧ್ಯಾಹ್ನ ತಂದಾಗ. ಅವಳ ವಿಭಾಗದ ಮೇಲ್ವಿಚಾರಕ ಮುನಿರಾಮಯ್ಯನವರು ಕೆಟ್ಟವರಲ್ಲ. ಮಾರ್ಚ್ ಕೊನೆಗೆ ಕಾಯಂ ಮಾಡುವವರ ಪಟ್ಟಿಯಲ್ಲಿ ಅವಳ ಹೆಸರನ್ನು ಸ್ವತಃ ಬರೆದಿರುವುದಾಗಿಯೂ, ಇನ್ನೊಂದು ಸಲ ತಡವಾದರೆ ಅದೇ ಕೈಯಿಂದ ಹೊಡೆದುಹಾಕಬೇಕಾಗುವುದೆಂದೂ ತಲೆ ತಗ್ಗಿಸಿಕೊಂಡು ಹೇಳಿದರಂತೆ. ಅವಳು ಮನೆಗೆ ಬಂದು ಇದನ್ನು ಹೇಳಿ, ಅಂದಿನಿಂದ ಕಾರಿನ ಸದ್ದಿಗಿಂತ ಮುಂಚೆಯೇ ಏಳುತ್ತಿದ್ದಾಳೆ.

ಆದ್ದರಿಂದಲೇ ಇಂದು ನಸುಕಿನಲ್ಲಿ ತಾವು ಉಡಿದಾರದ ಕೀ ತೆಗೆದಾಗ ಅವಳು ಬೀದಿಗೆ ಬಂದದ್ದು. ಶಿವಗಂಗೆಯ ಛತ್ರದಲ್ಲಿ ತಮ್ಮ ತಮ್ಮನ ಮಗಳ ಮದುವೆ, ಮುಹೂರ್ತ ನಾಳೆ ಬೆಳಿಗ್ಗೆ, ಕಾರು ಬರುವುದು ನಾಳೆ ಸಂಜೆ ಎಂದು ತಾವು ತಿಳಿಸಿದಿರಿ. ಪಟ್ಟಿಯ ವಿಷಯವನ್ನು ಅವಳು ಕೈ ಮುಗಿದು ಹೇಳಿದಳು. ನಾನು ಬಾಗಿಲಲ್ಲಿದ್ದೆ, ತಮ್ಮ ಉತ್ತರ ಕೇಳಿಸಿತು.

“ಒಂದಿನ ರಜ ಹಾಕಮ್ಮ. ಹೆಣ್ಮಕ್ಳ ಕೆಲ್ಸ ಎಲ್ಲೋಯ್ತದೆ, ಮನೇಲೇ ಇರ್ತದೆ.”

ಮಾನ್ಯರೇ, ತಮ್ಮ ವಿಷಯದಲ್ಲಿ ನಾನು ಇದುವರೆಗೆ ಬರೆದದ್ದನ್ನೆಲ್ಲ ನಗುತ್ತಲೇ ಬರೆದಿದ್ದೇನೆ. ಆ ಮಾತಿಗೆ ಹೊಂದುವ ಹೊಗಳಿಕೆ ಮಧ್ಯಾಹ್ನದಿಂದ ಹುಡುಕಿದರೂ ಸಿಕ್ಕಿಲ್ಲ.

ಅಕ್ಷತ ಮಧ್ಯಾಹ್ನ ಹಾಲಿನ ಡೇರಿಯ ಕಡೆ ಹೋಗಿಬಂದಳು. ದೀಪ ಹಚ್ಚಿದ ಮೇಲೆ, ನಾಳೆ ಬೆಳಗಿನ ಜಾವದ ಹಾಲಿನ ವ್ಯಾನು ಒಳಹಳ್ಳಿಗಳ ಮೇಲೆ ಶಿವಗಂಗೆಯ ಕಡೆಗೇ ಹೋಗುವುದೆಂದೂ, ಅದರ ಚಾಲಕನಿಗೆ ತಾನು ಹೇಳಿಯಾಗಿದೆಯೆಂದೂ, ವೀಳ್ಯದೆಲೆಯ ಮೇಲೆ ಬಂದ ಕೀಯಿಂದ ಏಳು ಗಂಟೆಗೆ ಛತ್ರದ ಮುಂದಿನಿಂದ ಕಾರು ಹೊರಡಿಸಿದರೆ ಏಳೂವರೆಗೆ ಧಾರಾಳವಾಗಿ ಗೇಟು ತಲುಪಬಹುದೆಂದೂ ತಿಳಿಸಿದಳು. ಅದಕ್ಕೆ ಹೂವು ಕಟ್ಟಿರುತ್ತಾರೆ, ಮದುಮಕ್ಕಳೇ ಒಳಗಿರಬಹುದು ಎಂದು ನಾನು ಅಂಜುತ್ತ ಹೇಳಿದೆ.

“ಇದ್ರೆ ಇಳಿಸ್ಬೇಡಿ ಕಣ್ರೀ” ಎಂದಳು. “ಗೇಟ್‌ವರ್ಗೂ ಬರ್ಲಿ. ಆ ಹುಡುಗೀಗೂ ಒಂದ್ ಕೆಲ್ಸ ಕೇಳ್ತೀನಿ.”

ಹಾಗೆಂದು ತೀರ್ಮಾನವಾಗಿದೆ. ಆರ್.ಸಿ. ಪುಸ್ತಕದ ಪ್ರಕಾರ ಇದು ಕಳ್ಳತನವೇ ಆದೀತು. ಠಾಣೆಯವರಿಗೆ ಈ ಸಲ ಕಲಮು ಸುಲಭವಾಗಿ ಸಿಗುತ್ತದೆ. ಈ ಪತ್ರ ಅಚ್ಚಾಗುವುದು ಗುರುವಾರವಾದ್ದರಿಂದ ತಮಗೆ ಮುಂಚಿತವಾಗಿ ತಿಳಿಸಲಾಗಲಿಲ್ಲ. ತಾವೂ ಎಂದೂ ತಿಳಿಸಿ ಬಂದವರಲ್ಲವಾದ್ದರಿಂದ ತಪ್ಪು ತಿಳಿಯುವುದಿಲ್ಲವೆಂದು ನಂಬಿದ್ದೇನೆ.

ನಾಳೆ ಬೆಳಗಿನ ಏಳರವರೆಗೆ,
ತಮ್ಮ ವಿಶ್ವಾಸಿ,
ಮುನೀಂದ್ರ

ವಿ.ಸೂ.: ತಾವು ಟ್ಯಾಂಕಿನಲ್ಲಿ ಏನನ್ನೂ ಉಳಿಸುವುದಿಲ್ಲವೆಂದು ಬಲ್ಲೆವಾದ್ದರಿಂದ, ಕ್ಯಾನಿನಲ್ಲಿ ಮೂರು ಲೀಟರ್ ಪೆಟ್ರೋಲನ್ನು ನಾವೇ ತರುತ್ತಿದ್ದೇವೆ. ಮದುವೆಗೆ ಬರಿಗೈಯಲ್ಲಿ ಬಂದರೆನ್ನದೆ, ಮುಯ್ಯಿ ಬರೆಯುವವರಿಗೆ ಹೇಳಿ ಅದನ್ನು ನನ್ನ ಹೆಂಡತಿಯ ಹೆಸರಿನಲ್ಲಿ ಬರೆಸಬೇಕಾಗಿ ಪ್ರಾರ್ಥನೆ.