ಉಳುಮೆ ಕಾಣದ ಪಟ್ಟಿ

ಏನೂ ಮಾಡದೆ ಸಂಬಳ ಪಡೆಯುವವರು ಅನೇಕರಿರಬಹುದು. ಏನೂ ಆಗದಂತೆ ನೋಡಿಕೊಳ್ಳುವುದಕ್ಕೆ ಸಂಬಳ ಪಡೆದು, ಆ ಚಿಂತೆಯಲ್ಲೇ ತಲೆಗೂದಲು ಕಳೆದುಕೊಂಡವನು ಬಹುಶಃ ನಾನೊಬ್ಬನೇ. ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ದಾರಿಯಲ್ಲಿ ನಮ್ಮ ಪ್ರಯೋಗದ ಹೊಲವಿದೆ. ಅದರಲ್ಲಿ ಮೂರು ಪಟ್ಟಿಗಳು. ಒಂದನ್ನು ಪ್ರತಿ ವರ್ಷ ಪಲ್ಟಿ ನೇಗಿಲಿನಿಂದ ಆಳವಾಗಿ ಉಳುತ್ತೇವೆ. ಎರಡನೆಯದಕ್ಕೆ ಮೇಲೆ ಮೇಲೆ ಕುಂಟೆ ಹೊಡೆಯುತ್ತೇವೆ. ಮೂರನೆಯದನ್ನು ಉಳುವುದೇ ಇಲ್ಲ. ಹಿಂದಿನ ಗೋವಿನಜೋಳದ ರವದಿಯನ್ನು, ಅಂದರೆ ಒಣಗಿದ ದಂಟು-ಎಲೆಯನ್ನು, ಹಾಗೇ ಹಾಸಿ, ಅದರ ನಡುವೆಯೇ ಬೀಜ ಊರುತ್ತೇವೆ. ಮೂರರ ಮಣ್ಣೂ ಹೇಗೆ ಬದಲಾಗುತ್ತದೆ ಎಂದು ಹನ್ನೊಂದು ವರ್ಷದಿಂದ ದಾಖಲೆ ಇಡುತ್ತಿದ್ದೇವೆ. ಬರೆಯುವವನು ನಾನು. ರಿಜಿಸ್ಟರಿನಲ್ಲಿ ಮೂರನೆಯ ಪಟ್ಟಿಯ ಎದುರು ‘ಮಣ್ಣು ಕದಲಿಸಿದವರು’ ಎಂಬ ಅಂಕಣವಿದೆ. ಹನ್ನೊಂದು ವರ್ಷವೂ ಅಲ್ಲಿ ‘ಯಾರೂ ಇಲ್ಲ’ ಎಂದು ದುಂಡಗೆ ಬರೆದಿದ್ದೇನೆ.

ಈ ಕೆಲಸದ ಬಗ್ಗೆ ಯಾರಿಗೂ ಗೌರವವಿಲ್ಲ. “ಉಪ್ಪಿಟ್ಟು ತಿರುವದ ಬಿಟ್ರ ತಳಾ ಹತ್ತತೈತಿ. ನಿಮ್ಮ ಹೊಲಕ್ಕ ತಳಾನ ಇಲ್ಲೇನ್ರಿ?” ಎನ್ನುತ್ತಾಳೆ ಹೆಂಡತಿ. ಪಕ್ಕದ ಹೊಲದ ಫಕ್ಕೀರಪ್ಪ ಕಾಕಾ ಇನ್ನೂ ಒಂದು ಹೆಜ್ಜೆ ಮುಂದೆ. ಬಿತ್ತುವ ಕಾಲ ಬಂದರೆ ಸಾಕು, ಬದುವಿನ ಮೇಲೆ ನಿಂತು ಕೂಗುತ್ತಾರೆ: “ಯಾಕ್ರೀ ಸಾಹೇಬ್ರ, ಈ ವರ್ಷಾನೂ ಡೀಸೆಲ್ ಸಿಗಲಿಲ್ಲೇನು?”

ಮೊನ್ನೆ ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ, ಕಾಕಾನ ಹೊಲದಿಂದ ಟ್ರ್ಯಾಕ್ಟರಿನ ಗಾಲಿಯ ಗುರುತು ನೇರವಾಗಿ ಮೂರನೆಯ ಪಟ್ಟಿಗೆ ಬಂದು, ಅರ್ಧದಷ್ಟು ಉದ್ದಕ್ಕೆ ಹೋಗಿ, ತಿರುಗಿ ವಾಪಸಾಗಿತ್ತು. ರಾತ್ರಿ ಮಳೆ ಬಿದ್ದು ರವದಿಯೆಲ್ಲ ಕಲಸಿಹೋಗಿತ್ತು. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ರಂಟಿಯನ್ನು, ಅಂದರೆ ನೇಗಿಲನ್ನು, ಇಳಿಸಿದ್ದರೋ ಎತ್ತಿಕೊಂಡಿದ್ದರೋ ಹೇಳುವಂತಿರಲಿಲ್ಲ. ಸೋಮವಾರ ಈ ಪ್ರಯೋಗ ನಡೆಸುವ ನಮ್ಮ ಮೇಡಂ ಮಣ್ಣಿನ ಮಾದರಿ ತೆಗೆಯಲು ಬರುವವರಿದ್ದರು. “ಒಂದ ಸಲ ರಂಟಿ ಹೊಡದ್ರ ಇಷ್ಟು ವರ್ಷದ್ದು ಎಲ್ಲಾ ನೀರಾಗ ಹೋಮ” ಎಂದು ಅವರು ಹೋದ ಸಲವೇ ಎಚ್ಚರಿಸಿದ್ದರು. ಕಾಕಾನ ಮನೆಗೆ ಓಡಿದೆ. ಕಾಕಾ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ದಿದ್ದರು. ಟ್ರ್ಯಾಕ್ಟರ್ ಹೊಡೆಯುವ ಅವರ ತಮ್ಮನ ಮಗ ಶಿವಪ್ಪ, ಶನಿವಾರವೆಂದು ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹೋಗಿದ್ದ. ಇಬ್ಬರೂ ಫೋನ್ ಎತ್ತಲಿಲ್ಲ.

ಮಣ್ಣನ್ನೇ ಕೇಳೋಣವೆಂದು ಕಳೆ ತೆಗೆಯುವ ಕುರ್ಪಿ ಹಿಡಿದು ಕುಳಿತೆ. ಗಾಲಿಯ ಗುರುತುಗಳ ನಡುವೆ ಒಂದು ಗೇಣು ಅಗೆದು ನೋಡಿದೆ. ಹಳೆಯ ಬೇರು ಹಾಗೇ ಇತ್ತು, ಎರೆಹುಳದ ರಂಧ್ರವೂ ಇತ್ತು. ಸಮಾಧಾನವಾಯಿತು. ಆದರೆ ಒಂದೇ ಜಾಗ ನೋಡಿ ತೀರ್ಮಾನಿಸುವುದು ಸರಿಯೇ? ಎರಡು ಹೆಜ್ಜೆ ಮುಂದೆ ಇನ್ನೊಂದು ಅಗೆದೆ. ಅಲ್ಲೂ ಸರಿಯಿತ್ತು. ಹಾಗಾದರೆ ಅದರ ಮುಂದೆ? ಕೆಲಸ ವ್ಯವಸ್ಥಿತವಾಗಿರಲೆಂದು ಹಗ್ಗ ಕಟ್ಟಿ, ಸಾಲು ತಪ್ಪದಂತೆ ಅಗೆಯುತ್ತಾ ಹೋದೆ. ಗುರುತು ಮುಗಿಯುವಲ್ಲಿಗೆ ಮಧ್ಯಾಹ್ನವಾಗಿತ್ತು. ಎಲ್ಲ ಗುಂಡಿಗಳನ್ನೂ ಮುಚ್ಚಿ, ಮೇಲೆ ರವದಿ ಎಳೆದೆ. ಆದರೂ ಮನಸ್ಸು ನಿಲ್ಲದೆ ಬೈಕ್ ಹತ್ತಿ ಕದರಮಂಡಲಗಿಗೆ ಹೋದೆ.

ಶಿವಪ್ಪ ಗುಡಿಯ ಹೊರಗೆ ಕಾಯಿಯ ಹೋಳು ಹಿಡಿದು ನಿಂತಿದ್ದ. ನನ್ನ ಮುಖ ನೋಡಿ ಅವನೇ ಹೆದರಿದ.

“ಗಾಡಿ ತಿರಗಸಾಕ ಬಂದಿದ್ನಿರಿ ಸರ. ರಂಟಿ ಎತಗೊಂಡ ಇದ್ದೆ, ಹನಮಪ್ಪನಾಣಿ! ಇಳಿಸಿದ್ರ ದೊಡ್ಡಪ್ಪ ನನ್ನ ಬಿಡ್ತಾನೇನ್ರಿ? ‘ಸರನ ಪಟ್ಟ್ಯಾಗ ಒಂದ ಗೆರಿ ಬಿದ್ರ ನಿನ್ನ ಕಾಲ ಮುರೀತೇನಿ’ ಅಂತ ವರ್ಷಾ ವರ್ಷಾ ಹೇಳ್ತಾನ.”

ಬದುವಿನ ಮೇಲೆ ನಿಂತು ಗೇಲಿ ಮಾಡುತ್ತಿದ್ದ ಕಾಕಾ ಇಷ್ಟು ವರ್ಷ ನನ್ನ ಪಟ್ಟಿಯನ್ನು ಕಾದಿದ್ದರೆಂದು ಆಗ ಗೊತ್ತಾಯಿತು. ಅವನು ಕೊಟ್ಟ ಕೊಬ್ಬರಿ ತಿಂದು ಹಿಂತಿರುಗಿದೆ.

ಸೋಮವಾರ ಮೇಡಂ ಬಂದರು. ಪಟ್ಟಿಗೆ ಕಾಲಿಟ್ಟವರೇ ನಿಂತರು. ಭಾನುವಾರದ ಮಳೆಗೆ ನಾನು ಮುಚ್ಚಿದ ಗುಂಡಿಗಳೆಲ್ಲ ಕುಸಿದು, ಹಗ್ಗ ಹಿಡಿದಂತೆ ನೇರವಾದ ಒಂದು ಸಾಲು ಎದ್ದು ಕಾಣುತ್ತಿತ್ತು.

“ಇದನ್ನ ಯಾರು ಮಾಡಿದ್ರು? ಹಂದಿ ಬಂದಿದ್ವೇನು?”

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹಂದಿ ಹಗ್ಗ ಕಟ್ಟುವುದಿಲ್ಲವಲ್ಲ. “ನಾನ ರೀ ಮೇಡಂ” ಎಂದೆ. ಯಾಕೆಂದೂ ಹೇಳಿದೆ. ಅವರು ಸಾಲಿನುದ್ದಕ್ಕೂ ನಡೆದು ನೋಡಿದರು. ಕೊನೆಗೆ, “ಆ ಕಡೆ ಅರ್ಧಾ ಚಲೋ ಐತಿ, ಅಲ್ಲೆ ಮಾದರಿ ತಗಿಯೂಣು. ಈ ಅರ್ಧಾ ಇನ್ನ ಲೆಕ್ಕಕ್ಕಿಲ್ಲ. ರಿಜಿಸ್ಟರ್‌ನ್ಯಾಗ ಬರೀರಿ” ಎಂದರು.

ಬದುವಿನ ಮೇಲೆ ಕಾಕಾ ಎಲ್ಲವನ್ನೂ ಕೇಳುತ್ತಾ ನಿಂತಿದ್ದರು. ಈ ಸಲ ಕೂಗಲಿಲ್ಲ, ಹತ್ತಿರ ಬಂದು, ಮರುಕದಿಂದಲೇ ಹೇಳಿದರು: “ಕುರ್ಪಿಲೆ ಯಾಕ ಇಷ್ಟು ತ್ರಾಸ ತಗೊಂಡ್ರಿ ಸರ? ಉಳಬೇಕಂತ ಅನಿಸಿದ್ರ ಒಂದ ಮಾತ ಹೇಳಬೇಕಿತ್ತಲ್ರಿ, ಟ್ರ್ಯಾಕ್ಟರ್ ಕಳಸ್ತಿದ್ದೆ.”

ಹನ್ನೆರಡನೆಯ ವರ್ಷದ ಆ ಅಂಕಣದಲ್ಲಿ ನನ್ನ ಹೆಸರು ಬರೆದಿದ್ದೇನೆ. ಅಕ್ಷರ ಮಾತ್ರ ಅಷ್ಟು ದುಂಡಗೆ ಬಂದಿಲ್ಲ.