ಕುಳಿತ ವ್ಯಾನನ್ನು ಎಬ್ಬಿಸಿದ ಮಾವ

ಗಾರೆಯವರ ರಸಮಟ್ಟವನ್ನು ಜೇಬಿನಲ್ಲಿಟ್ಟುಕೊಂಡು ಮದುವೆ ಊಟಕ್ಕೆ ಹೋಗುವ ಮನುಷ್ಯ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ನನ್ನ ದುರದೃಷ್ಟಕ್ಕೆ ಅವರು ನನ್ನ ಸೋದರಮಾವ! ಎಲೆಯಿಂದ ಸಾರು ಹರಿದು ಪಂಚೆ ಸೇರಿದರೆ ನಾವೆಲ್ಲ ಬಡಿಸಿದವನನ್ನು ಬೈಯುತ್ತೇವೆ. ಮಾವ ಮೇಜಿನ ಮೇಲೆ ರಸಮಟ್ಟವಿಟ್ಟು, ಅದರ ಗಾಜಿನೊಳಗಿನ ಗುಳ್ಳೆ ಒಂದು ಬದಿಗೆ ಸರಿದದ್ದನ್ನು ತೋರಿಸಿ, ಮೇಜೇ ಓರೆಯೆಂದು ಬಡಿಸಿದವನನ್ನು ದೋಷಮುಕ್ತಗೊಳಿಸುತ್ತಾರೆ.

ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಜೀವಮಾನವಿಡೀ ರೈಲು ಬೋಗಿಗಳ ಸ್ಪ್ರಿಂಗ್ ನೋಡಿಕೊಂಡಿದ್ದವರು. ನಿವೃತ್ತರಾದ ಮೇಲೆ ಸುಮ್ಮನಿರಬಾರದೇ? ಹಳೆಯ ವ್ಯಾನೊಂದನ್ನು ಕೊಂಡು ಒಳಗೆ ಮಂಚ, ಒಲೆ, ನೀರಿನ ಡ್ರಮ್ಮು ಕೂಡಿಸಿದರು. ಅತ್ತೆಯನ್ನು ಧನುಷ್ಕೋಡಿಗೆ ಕರೆದೊಯ್ಯಬೇಕು, ಎರಡು ಸಮುದ್ರ ಸೇರುವುದನ್ನು ಅವರು ವ್ಯಾನಿನೊಳಗೆ ಕಾಫಿ ಕುಡಿಯುತ್ತಲೇ ನೋಡಬೇಕು ಎಂಬುದು ಮಾವನ ಕನಸು. ವ್ಯಾನಿನ ಕನಸು ಬೇರೆಯಿತ್ತು. ಅಷ್ಟು ಭಾರಕ್ಕೆ ಅದರ ಹಿಂಭಾಗ ಕುಸಿದು, ಮೊಸರನ್ನ ತಿಂದ ನಾಯಿಯಂತೆ ಕುಳಿತೇಬಿಟ್ಟಿತ್ತು. ಮೊದಲ ಸವಾರಿಯಲ್ಲೇ, ಕೋಯಂಬೇಡಿನ ತರಕಾರಿ ಮಾರುಕಟ್ಟೆಯ ಹತ್ತಿರ ಸ್ಪೀಡ್ ಬ್ರೇಕರಿಗೆ ಹೊಟ್ಟೆ ಉಜ್ಜಿದ ಸದ್ದಿಗೆ ಟೊಮೆಟೊ ತೂಗುತ್ತಿದ್ದವರೆಲ್ಲ ತಿರುಗಿ ನೋಡಿದರು. ಡ್ರಮ್ಮಿನ ನೀರು ಅತ್ತೆಯ ಮಡಿಲು ಸೇರಿತು.

"ಇದರ ಬೆನ್ನು ನೆಟ್ಟಗಾಗೋವರೆಗೂ ನಾನು ಹತ್ತಲ್ಲ" ಎಂದುಬಿಟ್ಟರು ಅತ್ತೆ.

ಶುರುವಾಯಿತು! ಭಾರ ಹೇರದೆ ಸ್ಪ್ರಿಂಗ್ ಅಳೆಯುವುದು ಮಾವನ ಪ್ರಕಾರ ಮಹಾಪಾಪ. ಹಾಗಾಗಿ ಮಂಚ, ಒಲೆ, ತುಂಬಿದ ಡ್ರಮ್ಮಿನ ಸಮೇತ ವ್ಯಾನು ಮೆಕ್ಯಾನಿಕ್ ಶೆಡ್ಡಿಗೆ ಹೋಯಿತು. ಅತ್ತೆಯ ತೂಕವೂ ಬೇಕಲ್ಲ? ಅದನ್ನು ಕೇಳುವ ಧೈರ್ಯ ಮಾವನಿಗಿಲ್ಲ. ಅಂದಾಜಿನ ಮೇಲೆ ನಾನು ಮತ್ತು ಅರ್ಧ ಮೂಟೆ ಅಕ್ಕಿ ಸೇರಿ ಮಂಚದ ಮೇಲೆ ಅತ್ತೆಯಾದೆವು. ಕಂಡಕಂಡವರ ದನಿ ಅನುಕರಿಸಿ ಮೆರೆಯುವ ನನಗೆ ಸಿಕ್ಕ ಮೊದಲ ದೊಡ್ಡ ಪಾತ್ರ. ಅದರಲ್ಲೂ ಪಾಲು ಅಕ್ಕಿಗೆ ಹೋಯಿತು!

ಮೆಕ್ಯಾನಿಕ್ ಹಿಂದಿನ ಎರಡೂ ಸ್ಪ್ರಿಂಗಿಗೆ ಒಂದೊಂದು ಉಕ್ಕಿನ ಪಟ್ಟೆ ಹೆಚ್ಚಿಗೆ ಸೇರಿಸಿದ. ವ್ಯಾನು ನಾಲ್ಕು ಬೆರಳು ಎದ್ದಿತು. "ಪೋದುಂ ಸಾರ್" ಎಂದ. ಸಾಕಂತೆ! ರಸಮಟ್ಟದ ಗುಳ್ಳೆ ಇನ್ನೂ ನಡುವಿಗೆ ಬಂದಿಲ್ಲವಲ್ಲ? ಮಾವ ಇನ್ನೊಂದೊಂದು ಪಟ್ಟೆ ಹಾಕಿಸಿದರು. ಗುಳ್ಳೆ ನಡುವೆ ನಿಂತಿತು. ಮಾವನ ಎದೆಯೂ ನಾಲ್ಕು ಬೆರಳು ಎದ್ದಿತು.

ನಾನು ಮಾವನ ಗಡಸು ದನಿಯಲ್ಲಿ ಅತ್ತೆಗೆ ಫೋನ್ ಮಾಡಿದೆ: "ವಂಡಿ ರೆಡಿ ಕಣೇ. ಊಟ ಆಯ್ತಾ?"

"ದನಿಯೇನೋ ಸರಿಯಾಗಿದೆ ಕಣೋ. ಆದ್ರೆ ನಿಮ್ಮ ಮಾವ ಯಾವತ್ತೂ ನನ್ನ ಊಟ ಆಯ್ತಾ ಅಂತ ಕೇಳಿಲ್ಲ."

ವ್ಯಾನು ಮನೆ ಮುಂದೆ ಬಂದು ನಿಂತಾಗ ಅತ್ತೆ ಇಸ್ತ್ರಿ ಮಾಡಿದ ಸೀರೆಯಲ್ಲಿ ಇಳಿದು ಬಂದರು. ಹಿಂಬಾಗಿಲ ಕಂಬಿ ಹಿಡಿದು ಕಾಲೆತ್ತಿದರು. ವ್ಯಾನಿನ ಜೊತೆ ಬಾಗಿಲೂ ಮೇಲೇರಿತ್ತು; ಮೊಣಕಾಲು ಒಪ್ಪಲಿಲ್ಲ. ಇನ್ನೊಮ್ಮೆ ಎತ್ತಿ, ತುಟಿ ಕಚ್ಚಿ, ಇಳಿಸಿದರು.

"ನೀವಿಬ್ರೂ ಹೋಗ್ಬನ್ನಿ. ನನಗೇನು, ಮೆರೀನಾದಲ್ಲೂ ಸಮುದ್ರ ಇದೆ."

ವ್ಯಾನಿನ ಮೂಲೆಮೂಲೆ ಅಳೆದ ಮನುಷ್ಯ ಹೆಂಡತಿಯ ಮೊಣಕಾಲೊಂದನ್ನು ಮರೆತಿದ್ದರು. ಅಣಕಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ನಾನು ಮಾತ್ರ ಅತ್ತೆಯ ತೋಳಿಗೆ ಕೈಕೊಟ್ಟೆ.

ಮಾವ ಬೀದಿಯಲ್ಲೇ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. "ಕಾಲೆತ್ತು. ನೋವು ಶುರುವಾಗೋ ಮುಂಚೆ ನಿಲ್ಲಿಸು."

"ಎಲ್ರೂ ನೋಡ್ತಿದ್ದಾರೆ ರೀ."

"ನೋಡ್ಲಿ ಬಿಡು."

ಪಾದ ಒಂದು ಗೇಣೂ ಏಳಲಿಲ್ಲ. ಅದು ನಿಂತ ಎತ್ತರಕ್ಕೆ ಮಾವ ಅಂಗೈ ಕೊಟ್ಟರು. "ಇಷ್ಟಿಷ್ಟಕ್ಕೆ ಒಂದೊಂದು ಮೆಟ್ಟಿಲು ಮಾಡಿಸ್ತೀನಿ. ನೀನಿಲ್ದೆ ಈ ವಂಡಿ ಹೊರಡಲ್ಲ" ಎಂದು, ಟೇಪು ತರಲು ನನ್ನನ್ನು ಒಳಗಟ್ಟಿದರು.

ಟೇಪು ಬಾಗಿಲ ಬಳಿಯೇ ಇತ್ತು. ಆದರೂ ನಾನು ಸುಮಾರು ಹೊತ್ತು ಹುಡುಕಿದೆ. ಹೊರಬಂದಾಗ ಅತ್ತೆ ಕಾಲಿನ ಭಾರವನ್ನೆಲ್ಲ ಆ ಅಂಗೈಗೆ ಬಿಟ್ಟು, ಮಾವನ ಬೋಳುತಲೆಯ ಮೇಲೆ ಕೈಯೂರಿ ನಿಂತಿದ್ದರು.